ಗೊಣಗಿದವರ ಕೈಗೆ ಸೌಟು

ನಿನ್ನೆ ಸ್ಯಾನ್ ಡಿಯಾಗೋದ ನನ್ನ ಅಡುಗೆಮನೆಯಲ್ಲಿ ಒಣಕೊಬ್ಬರಿ, ಗಸಗಸೆ ಹುರಿಯುತ್ತಿದ್ದೆ. ಆ ಘಮಕ್ಕೆ ಪಸಡೀನಾದ ಕೆಳಮನೆಯ ಆಂಟಿ ಎದುರಿಗೇ ಬಂದು ನಿಂತಂತಾಯಿತು...

ಪಸಡೀನಾದಲ್ಲಿ ಪಿಎಚ್‌ಡಿ ಮಾಡುವಾಗ ನಾನು ಅವರ ಮೇಲಿನ ಮನೆಯಲ್ಲಿದ್ದೆ. ಆಂಟಿ ಧಾರವಾಡದ ಕ್ರೈಸ್ತರು. ಗಂಡ ತೀರಿಕೊಂಡ ಮೇಲೆ ಕನ್ನಡ ಬಲ್ಲ ಕ್ರೈಸ್ತ ಕುಟುಂಬಗಳನ್ನು ಫೋನ್ ಮಾಡಿ ಮಾಡಿ ಹುಡುಕಿ, ಭಾನುವಾರ ತಮ್ಮ ಹಾಲ್‌ನಲ್ಲೇ ಪ್ರಾರ್ಥನೆಗೆ ಸೇರಿಸುತ್ತಿದ್ದರು. ಆ ಸಭೆಯೇ ಅವರ ಬಂಧುಬಳಗ. ನಾನು ಹಿಂದೂ, ಹೋಗುತ್ತಿದ್ದದ್ದು, ಸುಳ್ಳೇಕೆ, ಕೋಳಿ ಸಾರಿಗೆ!

ಬಡಿಸುವ ಕೆಲಸ ಧಾರವಾಡದ ಹೆಂಗಸರದು. ಅವರು ತಮ್ಮವರಿಂದ ಶುರು ಮಾಡಿ ಕಿಟಕಿಯ ಬಳಿ ಕೂತ ಮಂಗಳೂರಿನವರನ್ನು ಮುಟ್ಟುವಷ್ಟರಲ್ಲಿ ಪಾತ್ರೆ ತಳ ಕಂಡಿರುತ್ತಿತ್ತು. ಒಂದು ಭಾನುವಾರ ಮಂಗಳೂರಿನ ಅಂಕಲ್ ತಟ್ಟೆ ಕೆಳಗಿಟ್ಟೇಬಿಟ್ಟರು.

"ಪ್ರತಿ ವಾರ ನಮಗೆ ಬರೀ ಸಾರು ಮಾರಾಯ್ರೆ, ಒಂದು ತುಂಡಿಲ್ಲ. ಇನ್ನು ನಾವು ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯಲ್ಲೇ ಪ್ರಾರ್ಥನೆ ಮಾಡ್ತೇವೆ."

ಆಂಟಿಯ ಮುಖ ಸಪ್ಪಗಾಯಿತು. ಕಷ್ಟಪಟ್ಟು ಕೂಡಿಸಿದ ಸಭೆ ಒಂದು ತುಂಡು ಕೋಳಿಗೆ ಒಡೆಯುವುದರಲ್ಲಿತ್ತು. ಆದರೆ ಮರುಕ್ಷಣವೇ ಅವರು ನಕ್ಕರು.

"ಇದೇನ್ ಹೊಸಾ ಜಗಳಲ್ಲ ಬಿಡ್ರಿ. ಬೈಬಲ್‌ನಾಗ ಐತ್ರಿ, ಯೆರೂಸಲೇಮಿನ ಮೊದಲನೇ ಸಭಾದಾಗೂ ತಮ್ಮ ವಿಧವೆಯರಿಗೆ ಊಟ ಸರಿಯಾಗಿ ಮುಟ್ಟವಲ್ದಂತ ಗ್ರೀಕ್ ಮಾತಾಡೋರು ಗೊಣಗಿದ್ರು. ಆವಾಗ ಬಡಸಾಕ ಏಳು ಮಂದೀನ ಆರಿಸಿದ್ರು. ಹೆಸರು ನೋಡ್ರಿ, ಎಲ್ಲಾ ಗ್ರೀಕ್ ಹೆಸರು! ಗೊಣಗಿದವರ ಕೈಗೇ ಸೌಟು ಕೊಟ್ರು."

ಹಾಗೆಂದು ಸೌಟನ್ನು ಅಂಕಲ್ ಕೈಗೇ ಇಟ್ಟರು.

ಮುಂದಿನ ವಾರ ಅಂಕಲ್ ಅಂಗಿಯ ತೋಳು ಮಡಚಿ ಬಡಿಸಲು ನಿಂತರು. ಪಕ್ಷಪಾತದ ಮಾತು ಬರಬಾರದೆಂದು ಧಾರವಾಡದವರಿಗೆ ಎಷ್ಟು ಧಾರಾಳವಾಗಿ ಬಡಿಸಿದರೆಂದರೆ, ಮಂಗಳೂರಿನವರ ಸರದಿ ಬಂದಾಗ ಮತ್ತೆ ಬರೀ ಸಾರು! ಅವರ ಹೆಂಡತಿ ದುರುಗುಟ್ಟಿ ನೋಡಿದರು. ಹಾಲ್‌ಗೆ ಹಾಲೇ ನಕ್ಕಿತು. ಧಾರವಾಡದ ಹೆಂಗಸರು ನಗುತ್ತಲೇ ಎದ್ದು ತಮ್ಮ ತಟ್ಟೆಯ ತುಂಡುಗಳನ್ನು ಆ ಕಡೆ ಹಂಚಿದರು. ಸಭೆ ಒಡೆಯಲಿಲ್ಲ. ಅಂದಿನಿಂದ ಗೊಣಗಿದವರೇ ಬಡಿಸಬೇಕೆಂಬುದು ಅಲ್ಲಿನ ಪದ್ಧತಿಯಾಯಿತು.

ಕೆಲವು ವರ್ಷಗಳಲ್ಲಿ ಆಂಟಿಯ ಹಾಲ್ ಸಾಲದಾಯಿತು. ಆಗ ಅವರೇ ಅಂಕಲ್‌ಗೆ, "ನಿಮ್ಮ ಮನ್ಯಾಗೂ ಶುರು ಮಾಡ್ರಿ. ಸಭಾ ಬೆಳೆದದ್ದೇ ಮನಿಯಿಂದ ಮನಿಗೆ" ಎಂದು ಧಾರವಾಡದವರಲ್ಲಿ ಅರ್ಧ ಜನರನ್ನೂ ಜೊತೆಗೆ ಕಳಿಸಿಕೊಟ್ಟರು.

ಆಂಟಿ ಹೋದ ವರ್ಷ ತೀರಿಕೊಂಡರು. ಇಂದು ಸ್ಯಾಂಟಾ ಕ್ಲಾರಿಟಾದ ಸಭೆಗೆ ನಾನೂ ಹೋಗಿದ್ದೆ; ಅವರ ನೆನಪಿನ ಪ್ರಾರ್ಥನೆ ಮಾಡುತ್ತಿದ್ದ ಅಂಕಲ್ ಅರ್ಧಕ್ಕೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಧಾರವಾಡದ ಹೆಣ್ಣುಮಗಳು ಉಳಿದ ಪ್ರಾರ್ಥನೆಯನ್ನು ಹೇಳಿ ಮುಗಿಸಿದಳು. ಆಂಟಿ ಇದನ್ನು ನೋಡಬೇಕಿತ್ತು... ಎಲ್ಲರೂ ಅಲ್ಲಿದ್ದರು, ಅವರೊಬ್ಬರು ಇರಲಿಲ್ಲ.