ಬಂಡೆಯ ಸಂದಿನ ಭರಣಿ

ಆ ವರ್ಷಗಳಲ್ಲಿ ಪ್ರತಿ ಭಾನುವಾರ ಸಂಜೆ ನಮ್ಮ ಮನೆಯ ಬಾಗಿಲಲ್ಲಿ ಬಿಚ್ಚಿಟ್ಟ ಬೂಟುಗಳು ಅಜವಾನದ ವಾಸನೆ ಸೂಸುತ್ತಿದ್ದವು. ನ್ಯೂಜಿಲೆಂಡ್ ಎಂದರೆ ಬರೀ ಹಸಿರು ಎಂದುಕೊಂಡವರು ನೀವಾದರೆ, ದಕ್ಷಿಣ ದ್ವೀಪದ ಒಳನಾಡಿನ ಅಲೆಕ್ಸಾಂಡ್ರಾಕ್ಕೊಮ್ಮೆ ಬರಬೇಕು: ಮಳೆ ಮರೆತ ಬೋಳುಗುಡ್ಡಗಳು, ಪದರು ಪದರಾಗಿ ಸೀಳಿ ನಿಂತ ಬಂಡೆಗಳು, ಕಾಲಿಟ್ಟಲ್ಲೆಲ್ಲ ಅಜವಾನದಂತೆಯೇ ಘಮಿಸುವ ಕಾಡು ಥೈಮ್ ಗಿಡ. ವಿಜಯಪುರದ ಬಿಸಿಲಿನಲ್ಲಿ ಬೆಳೆದು, ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯಲು ಬಂದ ನನಗೆ ಆ ಗುಡ್ಡಗಳು ಪರದೇಶವೆನಿಸಲೇ ಇಲ್ಲ. ಒಂಬತ್ತು ವರ್ಷದ ಮಗಳು ಮುಕ್ತಾಳೊಂದಿಗೆ ಬೆಳಿಗ್ಗೆ ಹತ್ತಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿದ್ದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ.

ಒಂದು ಭಾನುವಾರ, ಹಿಂದೆಂದೋ ಚಿನ್ನ ಅರಸಿ ಬಂದ ಚೀನೀಯನೊಬ್ಬ ಬಂಡೆಗೆ ಒತ್ತಿ ಕಟ್ಟಿಕೊಂಡಿದ್ದ ಕಲ್ಲುಗೂಡು ಕಣ್ಣಿಗೆ ಬಿತ್ತು. ಒಳಗಿನ ಸಂದಿಗೆ ಅಡ್ಡವಿಟ್ಟಿದ್ದ ಚಪ್ಪಟೆ ಕಲ್ಲನ್ನು ಸರಿಸಿದವಳು ಮುಕ್ತಾ. ಅದರ ಹಿಂದೆ ಒಂದು ಕಂದು ಭರಣಿ, ಅಂಗೈಯಷ್ಟೇ ದೊಡ್ಡದು, ಬಿರುಕೊಂದೂ ಇಲ್ಲದ್ದು. ಮತ್ತೆ ಬರುತ್ತೇನೆಂದುಕೊಂಡವನು ಮಾತ್ರ ಹಾಗೆ ಕಲ್ಲು ಅಡ್ಡವಿಟ್ಟು ಹೋಗುತ್ತಾನೆ, ಅವನು ಬರಲಿಲ್ಲ. ಇಷ್ಟೆಲ್ಲ ಅರ್ಥವಾಗಿಯೂ ನಾನದನ್ನು ಚೀಲಕ್ಕೆ ಹಾಕಿಕೊಂಡೆ.

“ಪುಟ್ ಇಟ್ ಬ್ಯಾಕ್, ಅಪ್ಪಾ. ಇಟ್ಸ್ ನಾಟ್ ಅವರ್ಸ್,” ಎಂದಳು ಮುಕ್ತಾ.

“ಅಂವಾ ಸತ್ತು ನೂರು ವರ್ಷ ಆತವ್ವಾ. ಯಾರ್ ಕೇಳ್ಲಿಕ್ಕೆ ಬರ್ತಾರ?”

“ಐ ಆಮ್ ಆಸ್ಕಿಂಗ್.”

ನಾನು ನಕ್ಕುಬಿಟ್ಟೆ. ಭರಣಿ ನಮ್ಮ ನಡುಮನೆಯ ಕಪಾಟನ್ನೇರಿತು. ಮನೆಗೆ ಬಂದವರಿಗೆಲ್ಲ ನಾನೇ ಹುಡುಕಿದೆನೆಂದು ಹೇಳಿ ತೋರಿಸಿದೆ. ಅದನ್ನು ಮರಳಿ ಇಡುವತನಕ ಗುಡ್ಡಕ್ಕೆ ಬರುವುದಿಲ್ಲವೆಂದು ಮಗಳು ಹಟ ಹಿಡಿದಳು. ಮಕ್ಕಳ ಹಟ ನಾಲ್ಕು ದಿನದ್ದು ಎಂದು ನಾನು ಒಬ್ಬನೇ ಹತ್ತಿದೆ.

ಒಂದು ಶನಿವಾರ ಮಧ್ಯಾಹ್ನ ಅವಳು ಈಜು ಕಲಿಯಲು ಹೋಗಿದ್ದಾಗ, ಊಟಕ್ಕೆ ಬಂದವರೆದುರು ತಿರುಗಿಸಿ ತೋರಿಸುತ್ತಿದ್ದ ಭರಣಿ ಕೈಜಾರಿ ಬಿತ್ತು. ಚೂರುಗಳನ್ನು ಗುಡಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದೆ. ಸಂಜೆ ಬಂದವಳು ಖಾಲಿ ಜಾಗ ನೋಡಿದಳು.

“ಯೂ ಪುಟ್ ಇಟ್ ಬ್ಯಾಕ್?”

“ಹ್ಞೂಂ,” ಎಂದೆ.

ಓಡಿಬಂದು ನನ್ನ ಸೊಂಟ ತಬ್ಬಿಕೊಂಡಳು. ಬೈಗುಳವಾದರೆ ತೊಳೆದುಹೋಗುತ್ತದೆ, ತನ್ನದಲ್ಲದ ಯೋಗ್ಯತೆಗೆ ಸಿಕ್ಕ ಅಪ್ಪುಗೆ ಮಾತ್ರ ಮೈಗೆ ಮೆತ್ತಿಕೊಂಡೇ ಉಳಿಯುತ್ತದೆಂದು ಅಂದು ತಿಳಿಯಿತು.

ಮರುದಿನ ನನಗಿಂತ ಮೊದಲೇ ಎದ್ದು ಟೊಪ್ಪಿಗೆ ಹಾಕಿಕೊಂಡು ಕೂತಿದ್ದಳು. ಭರಣಿಯನ್ನು ಅದರ ಜಾಗದಲ್ಲಿ ನೋಡಬೇಕಂತೆ. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಅವಳನ್ನು ಬೇರೊಂದು ಗುಡ್ಡಕ್ಕೆ ಕರೆದೊಯ್ದೆ. ಎರಡು ಗಂಟೆ ಬಂಡೆಯಿಂದ ಬಂಡೆಗೆ ಅಲೆಸಿ, ಹುಡುಕುವವನಂತೆ ಬಗ್ಗಿ ಬಗ್ಗಿ ನೋಡಿದೆ. ಅವಳು ನಿಂತು, ಕಣಿವೆಯಾಚೆಯ ನಮ್ಮ ಹಳೆಯ ಗುಡ್ಡವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಅಪ್ಪಾ, ದಾರಿ ಮರ್ತಿಯೇನು?” ಎಂದು ಮೆಲ್ಲಗೆ, ಕನ್ನಡದಲ್ಲೇ ಕೇಳಿದಳು.

“ಹೌದವ್ವಾ, ಮರ್ತೆ.”

ಅವಳು ತನ್ನ ನೀರಿನ ಬಾಟಲಿ ನನಗೆ ಕೊಟ್ಟು, ನನ್ನ ಕೈ ಹಿಡಿದುಕೊಂಡು, ಸಡಿಲವಾದ ಕಲ್ಲುಗಳನ್ನು ಒಂದೊಂದಾಗಿ ತೋರಿಸುತ್ತ ಕೆಳಗಿಳಿಸಿದಳು.