ತೆಂಗಿನ ಸಿಪ್ಪೆಯ ಮೇಲೆ ಕಾಂಕ್ರೀಟು

ಪಾಣೆಮಂಗಳೂರಿನ ನಮ್ಮ ನೆರೆಮನೆಯವರಿಗೆ ಮಾತಾಡುತ್ತಲೇ ಹಿಮ್ಮಡಿಯಿಂದ ನೆಲ ಕುಟ್ಟಿ, ಒಳಗೆ ಪೊಳ್ಳೋ ಗಟ್ಟಿಯೋ ಎಂದು ಸದ್ದು ಕೇಳುವ ಅಭ್ಯಾಸವಿತ್ತು. ಹೆಂಡತಿಯ ಕಾಲು ಸೋತ ಮೇಲೆ, ಆಕೆ ಕೆಸರು ತುಳಿಯದೆ ಬಚ್ಚಲುಮನೆಗೆ ಹೋಗಲೆಂದು ಅವರು ಗೋಡೆಯ ಬದಿಗೆ ಕಾಂಕ್ರೀಟು ಹಾಕಿಸಿದ್ದರು. ಅಲ್ಲಿದ್ದ ತಗ್ಗಿಗೆ, ಊರಿನವರೆಲ್ಲ ಮಾಡುವಂತೆ, ತೆಂಗಿನ ಸಿಪ್ಪೆ ತುಂಬಿ ಮೇಲೆ ಮಣ್ಣೆಳೆದಿದ್ದರು. ಹಂಚಿನ ಮಾಡಿನ ನೀರು ಅಲ್ಲಿಗೇ ಬೀಳುತ್ತಿತ್ತು. ಸಿಪ್ಪೆ ಕೊಳೆಯಿತು, ಕಾಂಕ್ರೀಟು ಬಿರಿದು ಕುಸಿಯಿತು.

ಪ್ರತಿ ಮಳೆಗಾಲ ಕಳೆದ ಮೇಲೆ ಅವರು ತಗ್ಗಿದಲ್ಲಿಗೆ ಮತ್ತಷ್ಟು ಸಿಮೆಂಟು ಸುರಿಸುತ್ತಿದ್ದರು. "ಕೂತದ್ದು ಕೂತಾಯಿತು, ಇನ್ನು ಕೂರುವುದಿಲ್ಲ" ಎನ್ನುತ್ತಿದ್ದರು. ಭಾರ ಹೆಚ್ಚಿ ಅದು ಇನ್ನಷ್ಟು ಕೂರುತ್ತಿತ್ತು.

"ಅಗೆದು ಸಿಪ್ಪೆ ತೆಗೆಸಿ ಮಾರಾಯ್ರೆ," ಎಂದರು ನನ್ನ ತಂದೆ.

"ಅಗೆದರೆ ಅಷ್ಟು ದಿನ ಇವಳು ನಡೆಯುವುದೆಲ್ಲಿ?"

"ಇವರ ಸಿಮೆಂಟಿಗಿಂತ ನನ್ನ ಕಾಲೇ ಗಟ್ಟಿ ಉಂಟು," ಎಂದು ಆಕೆ ಒಳಗಿನಿಂದ ನಕ್ಕರು. ನಕ್ಕರೆಂದು ನನ್ನ ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಒಂದು ಬೆಳಿಗ್ಗೆ ಆಕೆ ಬಿರುಕಿನ ಅಂಚಿಗೆ ಎಡವಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಹಾಸಿಗೆಯಿಂದ ಏಳಲಿಲ್ಲ.

ಆಗ ಅವರು ಎಲ್ಲವನ್ನೂ ಒಡೆಸಿದರು. ಕಪ್ಪಾದ ಸಿಪ್ಪೆಯನ್ನು ತೆಗೆಸಿ, ಕೆಂಪು ಮಣ್ಣನ್ನು ಪದರಪದರವಾಗಿ ಹರಡಿ, ನೀರು ಚಿಮುಕಿಸಿ ಗುದ್ದಿಸಿದರು. ಮಾಡಿನ ನೀರು ದೂರ ಹರಿಯಲು ಕಣಿ ತೋಡಿಸಿದರು. ಒಂದು ಮಳೆಗಾಲವಿಡೀ ಕಾದು, ಮಣ್ಣು ಇಳಿಯುವಷ್ಟು ಇಳಿದ ಮೇಲೆ ಹೊಸ ಕಾಂಕ್ರೀಟು ಹಾಕಿಸಿದರು.

ಮುಂದಿನ ಮಳೆ ಬಿಟ್ಟ ದಿನ ನಾನು ಅವರ ಕಿಟಕಿಯ ಬಳಿ ಇದ್ದೆ. ಒಳಗೆ ಮಲಗಿದಲ್ಲಿಂದಲೇ ಆಕೆ ಕೇಳಿದರು, "ಕುಸಿಯಿತಾ?"

"ಇಲ್ಲ," ಎಂದರು ಅವರು, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ.