ಎಡ ಅಂಚಿನಿಂದ ಒಂದು ಕೂದಲೆಳೆ

ನನ್ನ ಸೋದರಮಾವ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಾನೆ. ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ಬಂದು ಇನ್ನೊಂದು ಸಲ ಜಗ್ಗುತ್ತಾನೆ. ಮನೆಯ ಮುಂದಿನ ಕೋಣೆಯೇ ಅವನ ಫೋಟೊ ಸ್ಟುಡಿಯೋ. ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಕಲೆ ಬಿರುಕು ತೆಗೆದು ಹೊಸದಾಗಿ ಪ್ರಿಂಟ್ ಕೊಡುವುದು ಕಸುಬು. ಸತ್ತವರ ಮುಖವನ್ನು ಅಷ್ಟು ಅಕ್ಕರೆಯಿಂದ ತಿದ್ದುವವನು ಬದುಕಿರುವ ಒಬ್ಬರನ್ನೂ ನಂಬುವುದಿಲ್ಲ. ಮೇಜಿನ ಮೇಲಿನ ಕತ್ತರಿ ಎರಡು ಅಂಗುಲ ಸರಿದಿದ್ದರೆ, "ಯಾರು ಬಂದಿದ್ರು?" ಎಂದು ಶುರು. ಬೀದಿಯವರೆಲ್ಲ ಅವನನ್ನು ಕರೆಯುವುದೇ ಪತ್ತೇದಾರ ಎಂದು.

ನನ್ನನ್ನು ಸಾಕಿದವನೂ ಅವನೇ. ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ಅವಳದೆಂದು ಉಳಿದದ್ದು ಒಂದೇ ಫೋಟೊ, ಅದೂ ಮಾಮನ ಬೀರುವಿನಲ್ಲಿ ಬೀಗದೊಳಗೇ ಇದ್ದು, ತೇವ ಹಿಡಿದು ಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಮೂರು ವರ್ಷದ ಕೆಳಗೆ ಮಾಮ ಅದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಆಮೇಲೆ ಬಿಡಿಸಲು ನೋಡಿದ. ಕಾಗದ ಕೈಗೆ ಬಂತು, ಮುಖ ಗಾಜಿನ ಮೇಲೆ ಚೂರುಚೂರಾಗಿ ಉಳಿಯಿತು. ಅಲ್ಲಿಂದ ಮುಂದೆ ನನಗೆ ಅಮ್ಮನೆಂದರೆ ಅವನ ಕಂಪ್ಯೂಟರಿನಲ್ಲಿದ್ದ, ನನಗೂ ತೆರೆದು ತೋರಿಸದ ಒಂದು ಜೆಪಿಜಿ ಫೈಲು.

"ಇನ್ನೊಂದು ಕಾಪಿ ಮಾಡಿಡು ಮಾಮ" ಎಂದು ಎಷ್ಟು ಸಲ ಗೋಗರೆದೆನೋ.

"ಎರಡು ಮಾಡಿದ್ರೆ ಎರಡನ್ನೂ ಕಾಯ್ಬೇಕು. ಒಂದನ್ನ ಕಾಯೋದ್ರಲ್ಲೇ ಸಾಕಾಗಿದೆ."

ಅವನು ಕಾಯುತ್ತಿದ್ದ ರೀತಿ ಕೇಳಿ. ದಿನಾ ಬೆಳಿಗ್ಗೆ ಆ ಚಿತ್ರ ತೆರೆದು, ಎಡ ಅಂಚಿನಿಂದ ಒಂದೇ ಒಂದು ಪಿಕ್ಸೆಲ್, ಅಂದರೆ ಕೂದಲೆಳೆಯಷ್ಟು ಪಟ್ಟಿ ಕತ್ತರಿಸಿ ಸೇವ್ ಮಾಡುತ್ತಿದ್ದ. ಉಳಿದ ಅಗಲವನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರಾದರೂ ಚಿತ್ರಕ್ಕೆ ಕೈ ಹಚ್ಚಿ ಬದಲಿಸಿಟ್ಟರೆ ಮರುದಿನ ಅಗಲ ತಾಳೆಯಾಗುವುದಿಲ್ಲ, ಸಿಕ್ಕಿಬೀಳುತ್ತಾರೆ ಎಂಬ ಲೆಕ್ಕಾಚಾರ. "ಹೋಗೋದು ಬರೀ ಹಿಂದಿನ ಗೋಡೆ ತಾನೇ" ಎನ್ನುತ್ತಿದ್ದ. ಹೆಚ್ಚುಕಡಿಮೆ ಮೂರು ವರ್ಷ ಹೀಗೆ ನಡೆಯಿತು. ಅಗಲ ಒಂದು ದಿನವೂ ತಪ್ಪಲಿಲ್ಲ.

ಈ ವರ್ಷ ನಾನು ಬೇರೆ ಮನೆ ಮಾಡಿದಾಗ ಅಮ್ಮನ ದೊಡ್ಡ ಚಿತ್ರ ಬೇಕೇ ಬೇಕೆಂದು ಹಟ ಹಿಡಿದೆ. ಮಾಮ ಗೊಣಗುತ್ತಲೇ ಪ್ರಿಂಟ್ ತೆಗೆದ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹುಬ್ಬು ಹಣೆಯೊಳಗೆ ಕರಗಿತ್ತು. ಕಣ್ಣಿದ್ದ ಕಡೆ ಚೌಕ ಚೌಕದ ಕಪ್ಪು ಕಲೆ. ದಿನಾ ನೋಡುತ್ತಿದ್ದವನಿಗೆ ದಿನದಿನದ ವ್ಯತ್ಯಾಸ ಕಂಡಿರಲಿಲ್ಲ.

"ಯಾರದೋ ಕೈವಾಡ ಇದು" ಎಂದ ಮಾಮ. ಮೊದಲು ಕಂಪ್ಯೂಟರ್ ರಿಪೇರಿಯವನ ಮೇಲೆ ಕಣ್ಣು ಬಿತ್ತು. ಆಮೇಲೆ ಎದುರಿನ ಝೆರಾಕ್ಸ್ ಅಂಗಡಿಯವನ ಸರದಿ. ಮೂರನೆಯ ದಿನ ನನ್ನನ್ನೇ ದಿಟ್ಟಿಸಿ, "ಬೀಗದ ಕೈ ಎಲ್ಲಿಡ್ತೀನಿ ಅಂತ ಗೊತ್ತಿರೋದು ನಿನಗೊಬ್ಬಳಿಗೇ" ಎಂದ.

"ನಮ್ಮಮ್ಮನ್ನ ನಾನೇ ಅಳಿಸ್ತೀನಾ ಮಾಮ?"

ಅವನು ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಪ್ರಿಂಟನ್ನೇ ಸುರುಳಿ ಸುತ್ತಿಕೊಂಡು ಎದ್ದು ಬಂದೆ. ತಿಂಗಳುಗಟ್ಟಲೆ ಮಾತಿಲ್ಲ.

ಪುಸ್ತಕಗಳಿಗೆ ಚಿತ್ರ ಜೋಡಿಸುವ ಪ್ರೆಸ್ಸಿನ ಹೆಂಗಸೊಬ್ಬರಿಗೆ ಅದನ್ನು ತೋರಿಸಿ, ಮಾಮನ ಬೆಳಗಿನ ಕಾವಲಿನ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಜೆಪಿಜಿ ಜಾಗ ಉಳಿಸೋಕೆ ಅಂತ ಸೇವ್ ಮಾಡಿದಾಗೆಲ್ಲ ಒಂದಿಷ್ಟು ವಿವರ ಬಿಸಾಡುತ್ತಮ್ಮ. ಸುಮ್ನೆ ತೆರೆದು ನೋಡಿ ಮುಚ್ಚಿದ್ರೆ ಏನೂ ಆಗಲ್ಲ. ದಿನಾ ಅಂಚು ಕತ್ತರಿಸಿ ಸೇವ್ ಮಾಡಿದ್ರೆ ಉಳಿಯೋದೇನು? ಏನೂ ಬಿಸಾಡದ ಟಿಫ್‌ನಲ್ಲೋ ಪಿಎನ್‌ಜಿಯಲ್ಲೋ ಇಟ್ಟಿದ್ರೆ ಮುಖ ಹಾಗೇ ಇರ್ತಿತ್ತು."

ಗಿರಾಕಿಗಳ ಚಿತ್ರವನ್ನು ಒಂದೇ ಸಲ ಸೇವ್ ಮಾಡಿ ಪ್ರಿಂಟ್ ಕೊಟ್ಟು ಕಳಿಸುವವನಿಗೆ ಈ ಸಂಗತಿ ಎಂದೂ ಎದುರಾಗಿರಲಿಲ್ಲ. ನಾನು ನೇರ ಮಾಮನ ಹತ್ತಿರ ಹೋಗಿ ಅವರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಹೇಳುವಾಗ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಅವನು ಜೇಬಿನ ಪುಸ್ತಕ ತೆಗೆದು, ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದ.

"ಸಾವಿರದ ನಲವತ್ತು ಸಲ" ಎಂದ. ಪುಸ್ತಕ ಮುಚ್ಚಿ, "ನಾನೇ" ಎಂದ. ನನ್ನ ಖುಷಿಯೆಲ್ಲ ಅಲ್ಲಿಗೇ ಸತ್ತುಹೋಯಿತು.

ಮರುದಿನದಿಂದ ಅಮ್ಮನ ಮುಖವನ್ನು ಮತ್ತೆ ಬರೆಯಲು ಕೂತ. ಚಿತ್ರವನ್ನು ಟಿಫ್‌ಗೆ ಬದಲಾಯಿಸಿ, ಮೂರು ಕಡೆ ಕಾಪಿ ಇಟ್ಟು, ನೆನಪಿನಿಂದ ರೆಪ್ಪೆಗೂದಲು ಒಂದೊಂದನ್ನೇ ಎಳೆದ. ಹದಿನೈದು ದಿನಕ್ಕೆ ಮುಖ ಮೂಡಿತು, ಲಕ್ಷಣವಾದ ಮುಖ. ಗಲ್ಲದ ಎಡಕ್ಕೆ ಸಣ್ಣದೊಂದು ಮಚ್ಚೆ ಇಟ್ಟ. ಮಾಮನ ಹೆಂಡತಿ, ನನ್ನ ಅತ್ತೆ, ಬಂದು ನೋಡಿ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಆ ಮಚ್ಚೆ ನಿಮ್ಮಜ್ಜಿಗಿತ್ತು ಕಣೇ, ನಿಮ್ಮ ಮಾಮನ ತಾಯಿಗೆ" ಎಂದಳು ಅತ್ತೆ, ಪಾತ್ರೆ ತೊಳೆಯುತ್ತ. "ನಿಮ್ಮಮ್ಮನಿಗೆ ಇರ್ಲಿಲ್ಲ. ಆ ಕಣ್ಣೂ ಅವಳದಲ್ಲ."

ಹೊರಗೆ ಬಂದೆ. ಮಾಮ ಕುರ್ಚಿಯಲ್ಲಿ ತಿರುಗಿ ಕುಳಿತಿದ್ದ.

"ಇದೇ ಅಲ್ವಾ ನಿಮ್ಮಮ್ಮ?" ಎಂದು ಕೇಳಿದ.

ಮೂರು ವರ್ಷದ ಮಗುವಿಗೆ ಏನು ನೆನಪಿರುತ್ತದೆ. ಅದು ಅವನಿಗೂ ಗೊತ್ತಿತ್ತು. ಆದರೂ ನನ್ನ ಬಾಯನ್ನೇ ನೋಡುತ್ತಿದ್ದ.

"ಹೌದು ಮಾಮ, ಇದೇ."

ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಾತನ್ನು ಅವನು ನಂಬಿದ್ದು ಅದೇ ಮೊದಲು.